ತೂತು ಬಿದ್ದ ಎಲೆ

ಸೊಪ್ಪಿನ ಮನೆ, ನೆರಳೂರು
ಫೆಬ್ರವರಿ ೩೦, ೨೧೯೮

ಇಪ್ಪತ್ತೊಂದನೇ ಶತಮಾನದ ಹಿರಿಯರಿಗೆ,

ಎಡೆಯ ಮುಂದೆ ಕೈಕಟ್ಟಿ ನಿಂತು ಬರೆಯುತ್ತಿಲ್ಲ, ಸೊಂಟದ ಮೇಲೆ ಕೈಯಿಟ್ಟು ಬರೆಯುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ತಾರೀಖು ನೋಡಿ ಹುಬ್ಬೇರಿಸುತ್ತೀರಿ, ಗೊತ್ತು. ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು? ನಮ್ಮ ಅಜ್ಜಿಯಂದಿರ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡಿದಾಗ ಈ ದಿನ ಹೊಸದಾಗಿ ಹುಟ್ಟಿತು. ನೀವು ಯಾರೂ ಬದುಕಿ ಕಾಣದ ದಿನ, ಆದ್ದರಿಂದ ನೀವು ಹಾಳುಮಾಡಲು ಸಿಗದ ದಿನ ಇದೊಂದೇ ಎಂದು ಅದನ್ನು ಹಿರಿಯರ ಹಬ್ಬಕ್ಕೆ ಮೀಸಲಿಟ್ಟರು. ನಿಮ್ಮಲ್ಲಿ ಆ ಹಬ್ಬ ಮಹಾಲಯ ಅಮಾವಾಸ್ಯೆಗೆ ಬರುತ್ತಿತ್ತಂತೆ. ಸತ್ತವರಿಗೆ ಹೊಸ ಬಟ್ಟೆ, ಹೋಳಿಗೆ, ಅವರವರಿಗೆ ಇಷ್ಟವಾದದ್ದೆಲ್ಲ ಎಡೆ ಇಡುತ್ತಿದ್ದಿರಂತೆ. ನಾವೂ ಇಡುತ್ತೇವೆ. ಆದರೆ ಎಡೆಯ ಪಕ್ಕದಲ್ಲಿ ಒಂದು ಬೈಗುಳೋಲೆಯನ್ನೂ ಇಡುತ್ತೇವೆ. ನಿಮ್ಮಿಂದ ನಾವು ಪಡುತ್ತಿರುವ ಪಾಡನ್ನೆಲ್ಲ ಬರೆದು, ಮನಸಾರೆ ಬೈದು, ಕೊನೆಗೆ ಒಂದು ಬೇಡಿಕೆ ಇಟ್ಟು, ಊರೆಲ್ಲ ಕೇಳುವ ಹಾಗೆ ಓದುವ ಕಾಗದವದು. ಅದು ನೀವು ಬದುಕಿರುವ ಕಾಲಕ್ಕೇ ಹೋಗಿ ಮುಟ್ಟುತ್ತದೆ ಎಂಬುದು ನಮ್ಮ ನಂಬಿಕೆ. ಉಣ್ಣಲು ಇಟ್ಟವರಿಗೆ ಬೈಯುವ ಹಕ್ಕೂ ಇರುತ್ತದೆ ಎಂಬುದು ನಮ್ಮ ನೆರಳೂರಿನ ಶಾಸ್ತ್ರ.

ನನ್ನ ಭಾಷೆ ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ಕಲಿತದ್ದು ಶಾಲೆಯ ಹಳೆಯ ಪುಸ್ತಕಗಳಿಂದ, ಔಷಧಿ ಡಬ್ಬಿಗಳ ಮೇಲಿನ ಸೂಚನೆಗಳಿಂದ ಮತ್ತು ಮದುವೆಯ ಆಮಂತ್ರಣಗಳಿಂದ. ಎಲ್ಲಾದರೂ ಬೈಗುಳದ ನಡುವೆ ತಮ್ಮ ಸುಖಾಗಮನ ಬಯಸಿಬಿಟ್ಟರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನೊಂದು ಕ್ಷಮೆಯೂ ಇದೆ. ಈ ಓಲೆಯನ್ನು ಬರೆಯಬೇಕಾದವಳು ನಾನಲ್ಲ. ನನ್ನ ನೆಗೆಣ್ಣಿ ಹುಲಿಗೆವ್ವ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನಮ್ಮೂರಿನ ಬೈಗುಳೋಲೆಯನ್ನು ವರ್ಷವರ್ಷವೂ ಬರೆಯುತ್ತಿದ್ದವಳು. ಅವಳು ಓದಲು ನಿಂತರೆ ಹಸುಗೂಸು ಅಳು ನಿಲ್ಲಿಸಿ ಕೇಳುತ್ತಿತ್ತು. ಅವಳ ಬೈಗುಳದಲ್ಲಿ ಒಂದೂ ಕೆಟ್ಟ ಶಬ್ದ ಇರುತ್ತಿರಲಿಲ್ಲ, ಆದರೂ ಕೇಳಿದವರಿಗೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. ಈಗ ಅವಳು ಬರೆಯಲಾರಳು. ಅದಕ್ಕೆ ಕಾರಣ ನೀವು, ಮತ್ತು ಅದನ್ನೇ ಹೇಳಲು ಹೊರಟಿದ್ದೇನೆ.

ನಾನು ಪಂಪಾವತಿ. ಕೊಪ್ಪಳದ ಕಡೆಯ ಬಂಡೆಗುಡ್ಡಗಳ ಸಂದಿಯಲ್ಲಿ ನಮ್ಮ ಊರು. ಬಯಲಲ್ಲಿ ಮನೆ ಕಟ್ಟುವ ಕಾಲ ಯಾವಾಗಲೋ ಮುಗಿಯಿತು. ಹೊತ್ತು ಏರುವ ಮೊದಲೇ ಸಜ್ಜೆ ರೊಟ್ಟಿ ಬಡಿದು, ನೀರು ತಂದು, ಮಕ್ಕಳ ಪಾಠ ಮುಗಿಸಿ ಎಲ್ಲರೂ ಬಂಡೆಯಡಿ ಸೇರಿಕೊಳ್ಳುತ್ತೇವೆ. ಒಂದು ಬಂಡೆಯಿಂದ ಇನ್ನೊಂದಕ್ಕೆ ಹೋಗಲು ಹಂದರ ಹಾಕಿದ ನೆರಳುಹಾದಿಗಳಿವೆ. ನೆರಳುಹಾದಿಯಲ್ಲಿ ನಿಂತು ಹರಟೆ ಹೊಡೆಯಬಾರದು ಎಂಬ ಕಾನೂನಿದೆ. ಅದನ್ನು ಮಾಡಿದವರೂ ಪಾಲಿಸುವುದಿಲ್ಲ. ಮಧ್ಯಾಹ್ನವೆಲ್ಲ ನೂಲುವುದು, ಬೀಜ ಹಸನು ಮಾಡುವುದು, ಜಗಳ ಆಡುವುದು. ಹೊತ್ತು ಇಳಿದ ಮೇಲೆ ಹೊಲ. ಹೇಗೋ ಚೆನ್ನಾಗಿಯೇ ಬದುಕುತ್ತಿದ್ದೇವೆ, ಅಯ್ಯೋ ಪಾಪ ಎನ್ನಬೇಡಿ. ಆದರೆ ಬಯಲಿನಾಚೆ ನೀವು ಬಿಟ್ಟುಹೋದ ಕಸದ ಗುಡ್ಡಗಳು ಇನ್ನೂ ಒಳಗೊಳಗೇ ಉರಿಯುತ್ತಿವೆ. ಗಾಳಿ ತಿರುಗಿದಾಗ ಆ ಹೊಗೆ ನಮ್ಮ ಕಡೆ ಬರುತ್ತದೆ. ನಾವು ಅದನ್ನು ‘ಹಿರಿಯರ ಹೊಗೆ’ ಎನ್ನುತ್ತೇವೆ. ನೀವು ಮಾಡಿಟ್ಟ ಆಸ್ತಿಗಳಲ್ಲಿ ನಮ್ಮ ಕೈಗೆ ನೇರವಾಗಿ ಬಂದದ್ದು ಅದೇ.

ಆ ಹೊಗೆಯಿಂದ ಬರುವ ಕಾಯಿಲೆಗೆ ತಲೆಗಾವು ಎಂದು ಹೆಸರು. ನಿಮ್ಮಲ್ಲಿ ‘ಅರವತ್ತಕ್ಕೆ ಅರಳುಮರುಳು’ ಎಂಬ ಮಾತಿತ್ತಂತೆ. ನಮ್ಮಲ್ಲಿ ನಲವತ್ತಕ್ಕೇ ಬರುತ್ತದೆ. ಮೊದಲು ಹೆಸರುಗಳು ಮರೆಯುತ್ತವೆ, ಆಮೇಲೆ ದಾರಿ, ಕೊನೆಗೆ ಮಾತು. ಅದು ಹೇಗೆ ಆಗುತ್ತದೆ ಎಂಬುದನ್ನು ತಿಳಿಯುವುದೇ, ಊರಿಗೆ ಮದ್ದು ಹುಡುಕುವ ಸೊಪ್ಪಿನ ಮನೆಯಲ್ಲಿ ನನ್ನ ಕಸುಬು. ಮಿದುಳಿನೊಳಗೆ ಕಾವಲು ಕಾಯುವ ಜೀವಕೋಶಗಳಿವೆ. ನಿಮ್ಮ ಪುಸ್ತಕಗಳು ಅವನ್ನು ಮೈಕ್ರೋಗ್ಲಿಯಾ ಎನ್ನುತ್ತವೆ, ನಾವು ತಳವಾರರು ಎನ್ನುತ್ತೇವೆ. ಊರ ತಳವಾರನ ಹಾಗೆ ಅವು ಸದಾ ಗಸ್ತಿನಲ್ಲಿರುತ್ತವೆ. ಸುತ್ತ ಕವಲು ಚಾಚಿ ಮುಟ್ಟಿ ನೋಡುತ್ತವೆ, ಕಸ ಇದ್ದರೆ ಎತ್ತುತ್ತವೆ, ರೋಗಾಣು ಬಂದರೆ ಹಿಡಿದು ನುಂಗುತ್ತವೆ. ಶತ್ರು ಕಂಡಾಗ ಕವಲುಗಳನ್ನು ಒಳಗೆಳೆದುಕೊಂಡು ಉಬ್ಬಿ, ಕೆರಳಿ, ಉರಿಯುವ ರಸ ಕಾರುತ್ತವೆ. ಕಳ್ಳ ಓಡಿಹೋದ ಮೇಲೆ ತಳವಾರ ತಣ್ಣಗಾಗಬೇಕು. ಹೊಗೆ ನಿಲ್ಲದೆ ಬರುತ್ತಿದ್ದರೆ ಅವನು ತಣ್ಣಗಾಗುವುದಿಲ್ಲ, ಬಡಿಗೆ ಹಿಡಿದು ಮನೆಯವರನ್ನೇ ಬಡಿಯತೊಡಗುತ್ತಾನೆ. ಬೇಲಿಯೇ ಎದ್ದು ಹೊಲ ಮೇಯುತ್ತದೆ. ತಲೆಗಾವು ಎಂದರೆ ಇಷ್ಟೇ.

ಹುಲಿಗೆವ್ವನಿಗೆ ಅದು ಬಂದಿದೆ ಎಂದು ನನಗೆ ಗೊತ್ತಾದದ್ದು ಒಂದು ರೊಟ್ಟಿಯಿಂದ. ಒಂದೇ ಬಂಡೆಯಡಿ, ಒಂದೇ ಒಲೆಯ ಮುಂದೆ ಆಯುಷ್ಯ ಕಳೆದವರು ನಾವು. ನನ್ನ ರೊಟ್ಟಿ ದಪ್ಪ ಎಂದು ಅವಳು, ಅವಳ ಚಟ್ನಿ ಬೆಂಕಿ ಎಂದು ನಾನು, ಮದುವೆಯಾಗಿ ಬಂದ ದಿನದಿಂದ ಜಗಳ. ಒಂದು ಬೆಳಿಗ್ಗೆ ನಾನು ರೊಟ್ಟಿಯನ್ನು ಪೂರಾ ಸುಟ್ಟುಬಿಟ್ಟೆ. ಕರಿ ಕರಿ ಇದ್ದ ಅದನ್ನು ತಾಟಿಗೆ ಹಾಕಿ, ಇವತ್ತು ನನ್ನ ಗ್ರಹಚಾರ ಬಿಡಿಸುತ್ತಾಳೆ ಎಂದು ಕಾಯುತ್ತ ಕೂತೆ. ಅವಳು ಏನೂ ಅನ್ನದೆ ಪೂರಾ ತಿಂದು, ತಾಟು ತೊಳೆದಿಟ್ಟು ಎದ್ದುಹೋದಳು. ಒಲೆಯ ಮುಂದೆ ಕೂತು ನಾನು ಅತ್ತೆ. ಅಲ್ಲಿಂದ ಎರಡು ವರ್ಷ ಅವಳು ನನ್ನ ಜೊತೆ ಜಗಳವಾಡಲಿಲ್ಲ. ಕೊನೆಕೊನೆಗೆ ನನ್ನನ್ನು ‘ಅಮ್ಮಾರ’ ಎಂದು ಪರರ ಮನೆಯವಳನ್ನು ಕರೆದ ಹಾಗೆ ಕರೆಯತೊಡಗಿದಳು.

ನನ್ನ ನೆಗೆಣ್ಣಿಯನ್ನು ವಾಪಸು ತರುತ್ತೇನೆ ಎಂದು ಅಂದೇ ಹಟ ತೊಟ್ಟೆ. ಊರಿನವರೆಲ್ಲರನ್ನೂ ತರುತ್ತೇನೆ ಎಂದು ಹೇಳಿದ್ದರೆ ದೊಡ್ಡ ಮಾತಾಗುತ್ತಿತ್ತು. ನನಗೆ ಬೇಕಾಗಿದ್ದವಳು ಅವಳು.

ನಿಮ್ಮ ಕಾಲದ ಗುಳಿಗೆಯೊಂದು ನಮ್ಮಲ್ಲಿತ್ತು. ಅದು ತಳವಾರನನ್ನು ಪೂರಾ ಮಲಗಿಸಿಬಿಡುತ್ತಿತ್ತು. ತಳವಾರ ಮಲಗಿದ ಊರಿಗೆ ಕಳ್ಳರು ಬರುವುದಕ್ಕೆ ಎಷ್ಟು ಹೊತ್ತು? ಅದನ್ನು ತಿಂದವರು ಸಣ್ಣ ಜ್ವರ ಬಂದರೂ ಸತ್ತರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಮದ್ದು ಬೇಕಿತ್ತು. ಅಜ್ಜಿಯಂದಿರ ಬಾಯಿಂದ ಬಾಯಿಗೆ ಬಂದ ಮಾತೊಂದಿತ್ತು: ಬಂಡೆಯ ಬಿರುಕಿನಲ್ಲಿ ಹುಟ್ಟುವ ಕಲ್ಲುಗರುಗದ ಸೊಪ್ಪು ತಲೆಯ ಕಾವು ಇಳಿಸುತ್ತದೆ ಎಂದು. ಗೇಣುದ್ದದ ಗಿಡ, ಬೂದು ಬಣ್ಣದ ಎಲೆ. ಊರಲ್ಲಿ ಅದರ ಮಡಿಗಳೇ ಇದ್ದವು. ನಾವು ಗಾಜಿನ ತಟ್ಟೆಗಳಲ್ಲಿ ತಳವಾರರನ್ನು ಸಾಕುತ್ತೇವೆ, ಹೊಗೆಯ ಮಸಿ ಹಾಕಿ ಕೆಣಕುತ್ತೇವೆ, ಕೆರಳಿದ ಮೇಲೆ ಸೊಪ್ಪಿನ ಸಾರ ಬಿಟ್ಟು ನೋಡುತ್ತೇವೆ. ಎಷ್ಟು ಸಲ ಬಿಟ್ಟರೂ ಅವು ಕೆರಳಿದ ಹಾಗೆಯೇ ಕೂತಿರುತ್ತಿದ್ದವು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಿಜ ಮಾಡಲೆಂದೇ ನಾನು ಸಂಬಳ ತಿನ್ನುತ್ತಿದ್ದೇನೆ ಎಂದು ಊರಲ್ಲಿ ತಮಾಷೆ ಮಾಡಿದರು.

ಸೊಪ್ಪು ಕೊಯ್ಯುವುದರಲ್ಲಿ ನಾವು ಎಷ್ಟು ನಿಷ್ಠೆಯವರು ಎಂದು ನಿಮಗೆ ಹೇಳಬೇಕು. ದೇವರಿಗೆ ಇಡುವ ಪತ್ರಿ, ರೋಗಿಗೆ ಕೊಡುವ ಸೊಪ್ಪು ಎರಡೂ ನಮ್ಮಲ್ಲಿ ಮೀಸಲು. ಜಳಕ ಮಾಡಿ, ಮಾತಾಡದೆ, ಅಖಂಡವಾದ ಎಲೆಯನ್ನೇ ಆರಿಸಿ ಕೊಯ್ಯಬೇಕು. ಹುಳ ಕಚ್ಚಿ ತೂತು ಬಿದ್ದ ಎಲೆ ಎಂಜಲು; ಅದು ಆಡಿನ ಬುಟ್ಟಿಗೆ. ಮಡಿಗಳ ಮೇಲೆ ತೆಳು ಬಟ್ಟೆ ಹೊದಿಸುತ್ತಿದ್ದೆವು. ಹುಳ ಕಂಡರೆ ಹೆಂಗಸರು ಹಾಡು ಹೇಳುತ್ತ ಒಂದೊಂದನ್ನೇ ಹೆಕ್ಕಿ ದೂರ ಚೆಲ್ಲಿ ಬರುತ್ತಿದ್ದರು. ಬಾಣಂತಿಗೆ ಮಾಡುವ ಆರೈಕೆ ಆ ಗಿಡಕ್ಕೆ ನಡೆಯುತ್ತಿತ್ತು. ಎಲೆ ಹೊಳೆಯುತ್ತಿತ್ತು.

ಕಳೆದ ವರ್ಷದ ಹಿರಿಯರ ಹಬ್ಬದಲ್ಲಿ ಎಲ್ಲ ತಿರುಗಿತು. ಎಡೆಯ ಮೇಲೆ ಕಲ್ಲುಗರುಗದ ಕುಡಿ ಇಡುವುದು ಪದ್ಧತಿ. ಆ ವರ್ಷ ಬಿಸಿಲಿಗೆ ಸೊಪ್ಪು ಕಮ್ಮಿಯಾಗಿತ್ತು. ಇದ್ದ ಒಳ್ಳೆಯ ಎಲೆಯೆಲ್ಲ ನಿಮ್ಮ ಎಡೆಗೆ ಹೋಯಿತು. ಇತ್ತ ನನ್ನ ತಟ್ಟೆಗಳಲ್ಲಿ ತಳವಾರರನ್ನು ಕೆಣಕಿ ಆಗಿತ್ತು, ಬಿಟ್ಟರೆ ಕೆಟ್ಟುಹೋಗುತ್ತಿದ್ದವು. ನನಗೆ ನಿಮ್ಮ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾಗದು. ಬದುಕಿದ್ದಾಗಲೂ ಎಲ್ಲ ತಿಂದಿರಿ, ಸತ್ತ ಮೇಲೂ ನನ್ನ ಸೊಪ್ಪು ತಿಂದಿರಿ ಎಂದು ಗೊಣಗುತ್ತ, ಆಡಿನ ಬುಟ್ಟಿಯಲ್ಲಿದ್ದ ತೂತು ಎಲೆಗಳನ್ನೇ ಅರೆದು, ಸೋಸಿ, ತಟ್ಟೆಗೆ ಬಿಟ್ಟೆ. ಮಾರನೆಯ ದಿನ ನೋಡಿದರೆ ಉಬ್ಬಿ ಗುಂಡಗಾಗಿ ಕೂತಿದ್ದ ತಳವಾರರು ಮತ್ತೆ ಬೇವಿನ ಟೊಂಗೆಯ ಹಾಗೆ ಕವಲು ಚಾಚಿದ್ದರು. ಉರಿರಸ ಇಳಿದಿತ್ತು. ಯಾರೂ ಸತ್ತಿರಲಿಲ್ಲ, ಯಾರೂ ಮಲಗಿರಲಿಲ್ಲ. ಗಸ್ತು ಹೊರಟಿದ್ದರು.

ಒಂದು ಸಲ ಕಂಡದ್ದನ್ನು ನಂಬುವವಳು ನಾನಲ್ಲ. ಅಖಂಡ ಎಲೆ, ತೂತು ಎಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲವೂ ತೂತು ಎಲೆಯೇ ಗೆದ್ದಿತು. ಹುಳ ಕಚ್ಚಿದಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ಒಂದು ಕಹಿಯನ್ನು ಹುಟ್ಟಿಸುತ್ತದೆ, ತಳವಾರನನ್ನು ಸಮಾಧಾನ ಮಾಡುವುದು ಆ ಕಹಿಯೇ. ಹಾಗಾದರೆ ಎಂಜಲಿನ ಗೊಡವೆಯೇ ಬೇಡ, ನಾವೇ ಎಲೆಗೆ ತೂತು ಮಾಡಿದರಾಯಿತು ಎಂದು ಸೂಜಿಯಿಂದ ಚುಚ್ಚಿದೆ, ಕತ್ತರಿಯಿಂದ ಕತ್ತರಿಸಿದೆ. ಗಿಡ ಮೋಸಹೋಗಲಿಲ್ಲ. ಅದಕ್ಕೆ ಹುಳದ ಬಾಯಿಯ ನೀರೇ ತಾಗಬೇಕು. ನಾವು ಅಷ್ಟು ವರ್ಷ ಮಡಿಯಿಂದ, ಅಕ್ಕರೆಯಿಂದ, ಹಾಡು ಹೇಳಿಕೊಂಡು ಹುಳ ಹೆಕ್ಕಿದ್ದೆವು. ಹುಳದ ಜೊತೆ ಮದ್ದನ್ನೂ ಚೆಲ್ಲಿ ಬಂದಿದ್ದೆವು.

ಆಮೇಲೆ ದೈವ ಸೇರಿತು. ದೈವ ಎಂದರೆ ನಮ್ಮ ಊರ ಹಿರಿಯರ ಸಭೆ. ಅದರ ಯಜಮಾನರು ಗವಿಸಿದ್ದಜ್ಜ. ಅವರ ಸ್ವಂತ ತಮ್ಮ ತಲೆಗಾವಿನಿಂದ ಮಲಗಿದ್ದರು, ಆದರೂ ಅಜ್ಜ ಒಪ್ಪಲಿಲ್ಲ. ಅವರಿಗೆ ತಮ್ಮನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ತಮ್ಮನ ಬಾಯಿಗೆ ಹಾಕುವುದು ಶುದ್ಧವಾಗಿರಬೇಕು ಎಂಬುದೇ ಅವರ ಪ್ರೀತಿಯಾಗಿತ್ತು. “ಪಂಪವ್ವಾ, ಹುಳದ ಎಂಜಲಾ ತಿನಿಸಿ ಮನಿಷ್ಯಾನ್ನ ಉಳಸೂದೇನು? ಅಂವಗ ತಿಳೀವಲ್ದು ಅಂತ ನಾವು ಏನರೆ ತಿನಸಬೌದೇನು?” ಎಂದರು. ಸಭೆಯಲ್ಲಿ ತಲೆಗಳು ಅಲ್ಲಾಡಿದವು. ನಾನು ಎದ್ದು ನಿಂತೆ.

“ಅಜ್ಜಾರ, ಜೇನುತುಪ್ಪ ಯಾರ ಎಂಜಲರಿ? ಹಬ್ಬದಾಗ ಹೋಳಿಗಿ ಮ್ಯಾಲ ಸುರುವಿಕೊಂಡು ಉಂಡ್ರಿ. ಆಗ ಕೇಳಿದ್ರೇನು?”

ಸಭೆಯಲ್ಲಿ ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಅಜ್ಜ ತೂತು ಎಲೆಯೊಂದನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, ಹುಳವನ್ನು ಊರಿಗೆ ಕರೆಯುವುದೇ ಆದರೆ ಬೀಗರನ್ನು ಕರೆದ ಹಾಗೆ ಮರ್ಯಾದೆಯಿಂದ ಕರೆದುಕೊಂಡು ಬರಬೇಕು, ನಿನ್ನೆವರೆಗೆ ಹೊರಗೆ ಚೆಲ್ಲಿದವರನ್ನು ಇವತ್ತು ಕದ್ದು ತರಬಾರದು ಎಂದರು. ಅಷ್ಟು ಸಾಕಾಗಿತ್ತು.

ಆದರೆ ಬೀಗರು ಎಲ್ಲಿದ್ದಾರೆ? ನಮ್ಮ ಮಡಿಗಳಲ್ಲಿ ನಾವೇ ಹೆಕ್ಕಿ ಹೆಕ್ಕಿ ಅವುಗಳ ವಂಶ ಮುಗಿಯುತ್ತ ಬಂದಿತ್ತು. ಬಯಲಲ್ಲಿ ನೀವು ಸಿಂಪಡಿಸಿದ ವಿಷಕ್ಕೆ ಎಂದೋ ಮುಗಿದಿತ್ತು. ಹುಡುಕುತ್ತ ಹುಡುಕುತ್ತ ಸಿಕ್ಕಿದ್ದು ಅರೆಗುಡ್ಡದಲ್ಲಿ. ನೀವು ಕಲ್ಲಿಗಾಗಿ ಅರ್ಧ ಒಡೆದು ಬಿಟ್ಟ ಗುಡ್ಡ ಅದು. ಒಂದು ಮಗ್ಗುಲು ಕಡಿದು ತೆಗೆದ ಹಾಗೆ ನಿಂತಿದೆ. ಉಳಿದ ಮಗ್ಗುಲಿನಲ್ಲೂ ಸಿಡಿಮದ್ದು ತುಂಬಲು ಕೊರೆದ ಕುಳಿಗಳು ಸಾಲಾಗಿವೆ. ಕುಳಿ ಕೊರೆದಿದ್ದಾರೆ, ಮದ್ದು ಹಾಕಿಲ್ಲ. ನಿಮ್ಮಲ್ಲಿ ಯಾರೋ ಒಬ್ಬರು ಅಲ್ಲಿಗೆ ಸಾಕು ಎಂದಿದ್ದಾರೆ. ಯಾಕೆ ಎಂದು ನನಗೆ ತಿಳಿಯದು. ಆ ಕುಳಿಗಳಲ್ಲೇ ಈಗ ಕಲ್ಲುಗರುಗ ಬೆಳೆದಿದೆ, ಅದರ ಮೇಲೆ ಬೆನ್ನಿಗೆ ಕುಂಕುಮದ ಚುಕ್ಕೆ ಇಟ್ಟ ಹಸಿರು ಹುಳ ಮೇಯುತ್ತದೆ. ಊರ ಹೆಂಗಸರೆಲ್ಲ ಹೋಗಿ, ಅದೇ ಹಾಡು ಹೇಳುತ್ತ, ಒದ್ದೆ ಬಟ್ಟೆಯಲ್ಲಿ ಉಡಿ ತುಂಬಿಕೊಂಡು ಅವನ್ನು ಮನೆಗೆ ತಂದೆವು. ಮಡಿಗಳ ಮೇಲೆ ಹೊದಿಸಿದ್ದ ಬಟ್ಟೆಯನ್ನು ಗವಿಸಿದ್ದಜ್ಜ ತಮ್ಮ ಕೈಯಾರೆ ಎಳೆದು ತೆಗೆದರು.

ತಟ್ಟೆಯಲ್ಲಿ ಆದದ್ದು ತಲೆಯಲ್ಲಿ ಆಗಬೇಕೆಂದಿಲ್ಲ. ರಕ್ತದಿಂದ ಮಿದುಳಿಗೆ ಹೋಗುವಲ್ಲಿ ಊರ ಹೆಬ್ಬಾಗಿಲಿನಂಥ ಒಂದು ಅಗಸೆ ಬಾಗಿಲಿದೆ, ಕಂಡಕಂಡವರನ್ನು ಅದು ಒಳಗೆ ಬಿಡುವುದಿಲ್ಲ. ನಮ್ಮ ಕಹಿ ಹೊರಗೇ ನಿಂತುಬಿಡುತ್ತಿತ್ತು. ಅದನ್ನು ಎಣ್ಣೆಯ ಜೊತೆ ಕಳಿಸಬೇಕು ಎಂದು ತಿಳಿಯಲು ಮತ್ತೆರಡು ತಿಂಗಳು ಹೋದವು. ಕೊನೆಗೆ ಎಣ್ಣೆ ಬಿಡುವ ಗುರೆಳ್ಳು ಅರೆದು ಅದರಲ್ಲಿ ಸೊಪ್ಪು ಸೇರಿಸಿದಾಗ ಬಾಗಿಲು ತೆರೆಯಿತು. ಹಾಗೆ ನಮ್ಮ ಮದ್ದು ಒಂದು ಚಟ್ನಿಯಾಯಿತು. ಮೊದಲು ನಾನೇ ತಿಂದೆ, ಆಮೇಲೆ ಸೊಪ್ಪಿನ ಮನೆಯವರೆಲ್ಲ ತಿಂದೆವು. ಹುಲಿಗೆವ್ವನ ತಲೆ ತುಸು ತಿಳಿಯಾಗಿದ್ದ ಒಂದು ಬೆಳಿಗ್ಗೆ ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿ, ತಿನ್ನುತ್ತೀಯಾ ಎಂದು ಕೇಳಿದೆ. ಅವಳು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು.

ಪವಾಡ ಆಗಲಿಲ್ಲ. ಗವಿಸಿದ್ದಜ್ಜನ ತಮ್ಮನಿಗೆ ತಡವಾಗಿತ್ತು, ಅವರು ಉಳಿಯಲಿಲ್ಲ. ಅಜ್ಜ ತಮ್ಮನ ಮಣ್ಣು ಮುಗಿಸಿ ಬಂದವರೇ, ಉಳಿದವರಿಗೆ ಚಟ್ನಿ ನಿಲ್ಲಿಸಬೇಡ ಎಂದು ಹೇಳಿ ಒಳಗೆ ಹೋದರು. ಕೆಲವರಿಗೆ ಏನೂ ಆಗಲಿಲ್ಲ. ಕೆಲವರಿಗೆ ಜಾರುವುದು ನಿಂತಿತು. ಹುಲಿಗೆವ್ವನಲ್ಲಿ ಮಳೆಗಾಲವೆಲ್ಲ ನನಗೆ ಯಾವ ಬದಲಾವಣೆಯೂ ಕಾಣಲಿಲ್ಲ. ದಿನಾ ಚಟ್ನಿ ಅರೆಯುತ್ತಿದ್ದೆ, ದಿನಾ ಅವಳ ಮುಖ ನೋಡುತ್ತಿದ್ದೆ. ಆಗದ ಕೆಲಸ, ಬಿಡು ಎಂದು ಊರವರು ಹೇಳಿದರು. ನಾನು ಬಿಡಲಿಲ್ಲ. ಒಂದು ಬೆಳಿಗ್ಗೆ ಅವಳು ರೊಟ್ಟಿ ಮುರಿಯಲು ಹೋದವಳು ಕೈ ನಿಲ್ಲಿಸಿದಳು. ರೊಟ್ಟಿಯನ್ನು ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಏನ ಪಂಪಿ, ಇದು ರೊಟ್ಟಿನೋ ಚಪ್ಪಡಿಕಲ್ಲೋ?”

ನನ್ನ ಜೀವಮಾನದಲ್ಲಿ ಅಷ್ಟು ಸಿಹಿಯಾದ ಮಾತನ್ನು ನನಗೆ ಯಾರೂ ಆಡಿಲ್ಲ. ನಕ್ಕೆನೋ ಅತ್ತೆನೋ ನೆನಪಿಲ್ಲ. ತವೆಯ ಮೇಲಿದ್ದ ಇನ್ನೊಂದು ರೊಟ್ಟಿ ಸುಟ್ಟುಹೋಯಿತು, ಅದಕ್ಕೂ ಬೈಸಿಕೊಂಡೆ.

ಅವಳಿಗೆ ಎಲ್ಲವೂ ವಾಪಸು ಬಂದಿಲ್ಲ. ಅಕ್ಷರಗಳು ಬಂದಿಲ್ಲ, ಆದ್ದರಿಂದಲೇ ಈ ಓಲೆ ನನ್ನ ಪಾಲಿಗೆ ಬಂತು. ಕೆಲವು ದಿನ ಗಂಡ ಸತ್ತದ್ದು ಮರೆತು ಅವನಿಗೂ ತಾಟು ಇಡುತ್ತಾಳೆ. ಆದರೆ ನಾನು ಯಾರು ಎಂದು ಅವಳಿಗೆ ಗೊತ್ತಿದೆ. ಗಾಳಿ ತಿರುಗಿದರೆ ಮತ್ತೆ ಹೊಗೆ ಬರುತ್ತದೆ, ಅದನ್ನೂ ಬಲ್ಲೆ. ಇನ್ನೂ ಮಲಗಿರುವವರು ಬಹಳ ಮಂದಿ. ಮುಂದಿನ ಬೇಸಿಗೆಗೆ ಸುತ್ತಲಿನ ಎಲ್ಲ ಬಂಡೆಯೂರುಗಳಿಗೆ ಹುಳ ಕಳಿಸುತ್ತೇವೆ, ಸೊಪ್ಪು ಕಳಿಸುತ್ತೇವೆ, ತಟ್ಟೆ ನೋಡುವುದನ್ನು ಅಲ್ಲಿಯ ಹೆಣ್ಣುಮಕ್ಕಳಿಗೆ ಕಲಿಸುತ್ತೇವೆ. ನೀವು ಕೇಳಿದರೂ ಸರಿ, ಕೇಳದಿದ್ದರೂ ಸರಿ, ನಾವು ಬಿಡುವವರಲ್ಲ.

ಆದರೂ ಪದ್ಧತಿಯಂತೆ ಬೇಡಿಕೆ ಇಡಬೇಕು. ಅರೆಗುಡ್ಡದಲ್ಲಿ ಕುಳಿ ಕೊರೆದು ಸಿಡಿಮದ್ದು ಹಾಕದೆ ಹಿಂತಿರುಗಿದವರು ಇದನ್ನು ಓದುತ್ತಿದ್ದರೆ, ಈ ಓಲೆಯ ಒಂದು ಬೈಗುಳವೂ ನಿಮಗಲ್ಲ. ಇವತ್ತಿನ ಎಡೆಯಲ್ಲಿ ನಿಮಗೆಂದೇ ಬೇರೆ ಹೋಳಿಗೆ ಇಟ್ಟಿದ್ದೇನೆ, ಮೇಲೆ ಜೇನುತುಪ್ಪ ಸುರಿದಿದ್ದೇನೆ. ಎಡೆಯ ಮೇಲೆ ಮಾತ್ರ ಈ ಸಲ ತೂತು ಬಿದ್ದ ಕುಡಿ ಇಟ್ಟಿದ್ದೇವೆ. ಅಖಂಡ ಎಲೆ ಇನ್ನು ಮುಂದೆ ಆಡಿಗೆ. ಉಳಿದವರೆಲ್ಲರೂ ನಾಳೆ ಯಾವುದೋ ಗುಡ್ಡದ ಮುಂದೆ, ಯಾವುದೋ ಗಿಡದ ಮುಂದೆ, ವಿಷದ ಡಬ್ಬಿಯನ್ನೋ ಕೊರೆಯುವ ಯಂತ್ರವನ್ನೋ ಹಿಡಿದು ನಿಲ್ಲುವಿರಿ. ಆಗ ಆ ಒಬ್ಬರ ಹಾಗೆ ಅಲ್ಲಿಗೆ ಸಾಕು ಎನ್ನಿ. ಕಾರಣ ಗೊತ್ತಿರಬೇಕೆಂದಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ.

ಇಷ್ಟು ಬರೆದು, ಪಕ್ಕದಲ್ಲಿ ಕಾಲು ಚಾಚಿ ಕೂತಿರುವ ಹುಲಿಗೆವ್ವನಿಗೆ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಪೂರಾ ಕೇಳಿದಳು. ಇದೇನು ಬೈಗುಳೋಲೆಯೋ ಬೀಗರಿಗೆ ಬರೆದ ಕರೆಯೋಲೆಯೋ, ಹಿರಿಯರು ಇದನ್ನು ಓದಿ ಹೋಳಿಗೆಗೆ ತುಪ್ಪ ಕೇಳುತ್ತಾರೆ ಅಷ್ಟೆ ಎಂದಳು. ಕೊನೆಯ ಮಾತು ತಾನು ಹೇಳುತ್ತೇನೆ, ತಿದ್ದದೆ ಬರೆದುಕೋ ಎಂದಳು. ತಿದ್ದಿಲ್ಲ.

“ಹುಳಾನ ಉಣ್ಣಾಕ ಬಿಡ್ರಿ. ಅದು ಉಂಡು ಬಿಟ್ಟದ್ದರಾಗ ನಾ ಅದೀನಿ.”

ಹೇಳಿದವಳು ಹುಲಿಗೆವ್ವ
ಬರೆದವಳು ಅವಳ ನೆಗೆಣ್ಣಿ ಪಂಪಾವತಿ